ಆಹೋದಲ್ಲಿ ಮನೆ: ಫೆಬ್ರುವರಿಯಲ್ಲಿ ನೋಡಿ ಖರೀದಿಸುವವರಿಗೆ

ಅಮೆರಿಕದ ಅರಿಜೋನಾದಲ್ಲಿ, ಮೆಕ್ಸಿಕೊ ಗಡಿಗೆ ಹತ್ತಿರ, ಸೊನೊರಾ ಮರುಭೂಮಿಯ ನಡುವೆ ಆಹೋ ಅಂತ ಒಂದು ಊರಿದೆ. ಜನ ಸುಮಾರು 3,000. ನಾನು, ನನ್ನ ಗಂಡ ಅಲ್ಲಿ ಮನೆ ಕೊಂಡು ವಾಸಕ್ಕಿದ್ದೇವೆ. ಫೀನಿಕ್ಸ್‌ನಲ್ಲಿರುವ ಕನ್ನಡದವರು ಸಿಕ್ಕಾಗಲೆಲ್ಲ "ಹೇಗಿದೆ, ನಾವೂ ಒಂದು ನೋಡೋಣವಾ?" ಅಂತ ಕೇಳುತ್ತಾರೆ. ಊರಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಮನೆಗೆ ಮೂರು. ಕೊಳ್ಳುವ ಮುಂಚೆ ಮನೆ ಪರೀಕ್ಷೆ ಮಾಡಿಕೊಟ್ಟ ಇನ್‌ಸ್ಪೆಕ್ಟರ್‌ಗೆ ಒಂದೂವರೆ, ಅದೂ ಹೇಳಿದ ಹೊತ್ತಿಗೆ ಬಂದಿದ್ದಕ್ಕೆ.

ಬೆಲೆಯ ವಿಷಯ ಮೊದಲು ಮುಗಿಸಿಬಿಡೋಣ. ಇಲ್ಲಿ ಮನೆ ಅಗ್ಗ. ಫೀನಿಕ್ಸ್‌ನ ಸಾಧಾರಣ ಮನೆಗೆ ಕೊಡುವ ದುಡ್ಡಿನಲ್ಲಿ ಅರ್ಧ ಇದ್ದರೂ ಸಾಕು. ಅಗ್ಗ ಯಾಕೆ ಅಂದರೆ, ಈ ಊರು ಹುಟ್ಟಿದ್ದೇ ತಾಮ್ರದಿಂದ. ನ್ಯೂ ಕಾರ್ನೀಲಿಯಾ ಅನ್ನುವ ಗಣಿಯ ಹೊಂಡ ಈಗಲೂ ಊರಿನ ಪಕ್ಕದಲ್ಲೇ ಇದೆ, ಒಂದು ಮೈಲಿಗಿಂತ ಅಗಲ. 1917ರ ಹೊತ್ತಿಗೆ ಗಣಿ ಕಂಪನಿಯೇ ಕಮಾನಿನ ಸಾಲುಗಳಿರುವ ಚೌಕ ಕಟ್ಟಿಸಿತು, ಸುತ್ತ ಮನೆಗಳನ್ನೂ ಕಟ್ಟಿಸಿತು. ಬಿಳಿಯರಿಗೆ ಒಂದು ಕಡೆ, ಮೆಕ್ಸಿಕನ್ನರಿಗೆ ಒಂದು ಕಡೆ, ಇಲ್ಲಿನ ಮೂಲನಿವಾಸಿಗಳಾದ ಓಧಮ್ ಜನರಿಗೆ ಇನ್ನೊಂದು ಕಡೆ. ಬೇರೆ ಬೇರೆ ಕೇರಿ, ನಮಗೆ ಹೊಸದೇನಲ್ಲ. 1983ರಲ್ಲಿ ದೊಡ್ಡ ಮುಷ್ಕರ ನಡೆಯಿತು. 1985ರ ಹೊತ್ತಿಗೆ ಗಣಿಯೂ ಇಲ್ಲ, ತಾಮ್ರ ಕರಗಿಸುವ ಕುಲುಮೆಯೂ ಇಲ್ಲ. ಕೆಲಸ ಕಳೆದುಕೊಂಡವರು ಊರು ಬಿಟ್ಟರು, ಮನೆಗಳು ಮಾರಾಟಕ್ಕೆ ಬಂದವು. ತಣ್ಣನೆಯ ರಾಜ್ಯಗಳಿಂದ ಚಳಿಗಾಲ ಕಳೆಯಲು ಬರುವ ನಿವೃತ್ತರು ಕೊಂಡರು. ಈಗಲೂ ಕೊಳ್ಳುವವರಲ್ಲಿ ಅವರೇ ಜಾಸ್ತಿ.

ಇಲ್ಲೇ ಒಂದು ಎಡವಟ್ಟಿದೆ. ಅವರು ಬರುವುದು ನವೆಂಬರ್‌ನಿಂದ ಮಾರ್ಚ್ ತನಕ. ಮಾರುವ ಫಲಕಗಳು ಎದ್ದು ನಿಲ್ಲುವುದೂ ಆಗಲೇ. ಫೆಬ್ರುವರಿಯಲ್ಲಿ ಆಹೋ ಸ್ವರ್ಗ. ಹಗಲು ಹಿತವಾದ ಬಿಸಿಲು, ರಾತ್ರಿ ಒಂದು ಸ್ವೆಟರ್ ಸಾಕು, ಚೌಕದ ತಾಳೆಮರಗಳ ಕೆಳಗೆ ಬೆಂಚಿನ ಮೇಲೆ ಕೂತರೆ ಏಳುವ ಮನಸ್ಸಾಗುವುದಿಲ್ಲ. ಆ ತಿಂಗಳಲ್ಲಿ ಎಂಥ ಮನೆಯೂ ಚೆನ್ನಾಗೇ ಕಾಣುತ್ತದೆ. ಯಾಕೆಂದರೆ ಆಗ ಮನೆಗೆ ಕೆಲಸವೇ ಇರುವುದಿಲ್ಲ. ಮರುಭೂಮಿಯ ಮನೆಗೆ ಪರೀಕ್ಷೆ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್ ದಾಟುವುದು ಆಗ ಮಾಮೂಲು. ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರೇ ಬರುತ್ತದೆ.

ನಮ್ಮ ಮನೆಯದು ಚಪ್ಪಟೆ ಚಾವಣಿ. ಅದರ ಮೇಲೆ ಸ್ವಾಂಪ್ ಕೂಲರ್ ಕೂತಿದೆ. ನೀವು ನೋಡಿರುವ ಡೆಸರ್ಟ್ ಕೂಲರ್‌ನ ದೊಡ್ಡಣ್ಣ ಅಂದುಕೊಳ್ಳಿ. ತಗಡಿನ ಪೆಟ್ಟಿಗೆ, ಒಳಗೆ ಒದ್ದೆ ಪ್ಯಾಡು, ಫ್ಯಾನು, ಪುಟ್ಟ ಪಂಪು. ಹೊರಗಿನ ಒಣ ಗಾಳಿ ಒದ್ದೆ ಪ್ಯಾಡಿನ ಮೂಲಕ ಹಾದು ತಣ್ಣಗಾಗಿ ಮನೆಯೊಳಕ್ಕೆ ಬರುತ್ತದೆ. ಕಿಟಕಿಗಳನ್ನು ಸ್ವಲ್ಪ ತೆರೆದಿಡಬೇಕು, ಇಲ್ಲದಿದ್ದರೆ ಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ಸೆಕೆ ಕಟ್ಟುತ್ತದೆ. ಮೇ, ಜೂನ್‌ನಲ್ಲಿ ಇದರಷ್ಟು ಒಳ್ಳೆಯ ಯಂತ್ರ ಇನ್ನೊಂದಿಲ್ಲ. ಕರೆಂಟು ಎಸಿಗಿಂತ ಎಷ್ಟೋ ಕಡಿಮೆ ತಿನ್ನುತ್ತದೆ, ಗಾಳಿಗೆ ಮಣ್ಣಿನ ತಂಪು ವಾಸನೆ ಇರುತ್ತದೆ, ಚರ್ಮ ಒಡೆಯುವುದಿಲ್ಲ.

ಆಮೇಲೆ ಮಳೆಗಾಲ ಬರುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಜೂನ್ 15ರಿಂದ ಸೆಪ್ಟೆಂಬರ್ 30, ಆದರೆ ಮೋಡ ಕಟ್ಟುವುದು ಸಾಮಾನ್ಯವಾಗಿ ಜುಲೈನಲ್ಲಿ. ಗಾಳಿಯಲ್ಲಿ ತೇವ ಏರಿದ ಕೂಡಲೇ ಕೂಲರ್ ಸೋಲುತ್ತದೆ. ಈಗಾಗಲೇ ಒದ್ದೆಯಾಗಿರುವ ಗಾಳಿ ಪ್ಯಾಡಿನ ನೀರನ್ನು ಹೀರಿಕೊಳ್ಳುವುದಾದರೂ ಹೇಗೆ, ಅಲ್ವಾ? ಅತಿ ಹೆಚ್ಚು ಬೇಕಾದ ವಾರಗಳಲ್ಲೇ ಅದು ಕೈಕೊಡುತ್ತದೆ. ಮನೆಯೊಳಗೆ ತಂಪೂ ಇಲ್ಲ, ಒಣಗಿದ್ದೂ ಇಲ್ಲ. ಉಪ್ಪಿನ ಡಬ್ಬಿ ಕಲ್ಲಾಗುತ್ತದೆ, ಕಪಾಟಿನ ಬಾಗಿಲು ಉಬ್ಬಿ ಹಾಕಲು ಬರುವುದಿಲ್ಲ, ಹಾಸಿಗೆಯ ಮೇಲೆ ಹೊದಿಕೆ ಹಸಿಹಸಿ. ಇಲ್ಲಿ ಬೇಸಿಗೆಯನ್ನೂ ಕಳೆಯುವವರು ಕೂಲರ್ ಜೊತೆಗೆ ಎಸಿಯನ್ನೂ ಇಟ್ಟುಕೊಳ್ಳುತ್ತಾರೆ. ಜೂನ್‌ಗೆ ಅದು, ಆಗಸ್ಟ್‌ಗೆ ಇದು. ಮಾರಾಟದ ಜಾಹೀರಾತಿನಲ್ಲಿ "ಕೂಲಿಂಗ್ ಇದೆ" ಅಂತ ಮಾತ್ರ ಬರೆದಿದ್ದರೆ ಯಾವುದು ಅಂತ ಕೇಳಿ. ಎರಡೂ ಇದ್ದರೆ ಒಂದಿಷ್ಟು ಜಾಸ್ತಿ ಕೊಟ್ಟರೂ ತಪ್ಪಿಲ್ಲ.

ಇನ್ನು ಚಾವಣಿ. ಇಳಿಜಾರಿಲ್ಲದ ಚಾವಣಿಗೆ ಬಿಳಿ ರಬ್ಬರಿನಂಥ ಲೇಪನ ಬಳಿದಿರುತ್ತಾರೆ. ಬಿಸಿಲಿಗೆ ಅದು ಒಡೆಯುತ್ತದೆ, ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಕೂಲರ್ ನಿಂತ ಜಾಗ ಇನ್ನೂ ಕಷ್ಟದ್ದು. ತೊಟ್ಟಿ ಸೋರಿ ಸೋರಿ ಅದರ ಸುತ್ತ ಬಿಳಿ ಉಪ್ಪು ಕಟ್ಟಿರುತ್ತದೆ, ಕೆಳಗಿನ ಹಲಗೆ ಮೆತ್ತಗಾಗಿರುತ್ತದೆ. ಇಲ್ಲಿನ ನೀರಿನಲ್ಲಿ ಸುಣ್ಣ ಜಾಸ್ತಿ. ನೀರು ಹೊರಹೋಗುವ ದೋಣಿಯಲ್ಲಿ ವರ್ಷವೆಲ್ಲ ಧೂಳು, ಪಾಲೋ ವರ್ದೆ ಮರದ ಹಳದಿ ಹೂವು ತುಂಬಿಕೊಂಡಿರುತ್ತವೆ. ತಿಂಗಳುಗಟ್ಟಲೆ ಹನಿ ಬಿದ್ದಿರುವುದಿಲ್ಲವಲ್ಲ, ಯಾರೂ ನೋಡುವುದಿಲ್ಲ. ಮೊದಲ ಮಳೆ ಅರ್ಧ ಗಂಟೆಯಲ್ಲಿ ಸುರಿದು ಹೋಗುತ್ತದೆ. ಚಾವಣಿ ಕೆರೆಯಾಗುತ್ತದೆ. ನಮ್ಮ ಮಲಗುವ ಕೋಣೆಯ ಮೂಲೆಯಲ್ಲಿ ಹೊಸದಾಗಿ ಬಳಿದ ಬಣ್ಣದ ಅಡಿಯಿಂದ ಕಾಫಿ ಬಣ್ಣದ ಉಂಗುರ ನಿಧಾನವಾಗಿ ಮೇಲೆದ್ದು ಬಂತು. ಹಳೆಯ ಕಲೆ, ಮೇಲೆ ಬಣ್ಣ ಹೊಡೆದು ಮುಚ್ಚಿದ್ದರು.

ಇನ್‌ಸ್ಪೆಕ್ಟರ್ ವರದಿ ದಪ್ಪವಾಗಿತ್ತು, ಫೋಟೊ ತುಂಬ ಇದ್ದವು. ಸ್ವಿಚ್ ಬೋರ್ಡಿನ ಮುಚ್ಚಳ ಒಡೆದಿದೆ ಅಂತ ಎರಡು ಫೋಟೊ. ಕೂಲರ್ ಬಗ್ಗೆ ಒಂದೇ ಸಾಲು: "ಚಳಿಗಾಲವಾದ್ದರಿಂದ ನೀರು ಖಾಲಿ ಮಾಡಿ ಮುಚ್ಚಲಾಗಿದೆ, ಪರೀಕ್ಷಿಸಿಲ್ಲ." ಚಾವಣಿ ಬಗ್ಗೆ: "ಪರಿಶೀಲನೆಯ ವೇಳೆ ಒಣಗಿತ್ತು." ಅಲ್ಲಪ್ಪಾ, ಮರುಭೂಮಿಯಲ್ಲಿ ಫೆಬ್ರುವರಿಯಲ್ಲಿ ಒಣಗಿರದೆ ಇನ್ನೇನಾಗಿರುತ್ತದೆ! ಇದು ನಮಗೆ ಸಿಕ್ಕಿದ ಒಬ್ಬರ ಕಥೆ ಮಾತ್ರ ಅಲ್ಲ. ದೂರದ ನಗರದಿಂದ ಬರುವವರು ನಗರದ ಪಟ್ಟಿಯನ್ನೇ ಹಿಡಿದು ಟಿಕ್ ಹಾಕುತ್ತಾರೆ. ಅರಿಜೋನಾದಲ್ಲಿ ಹಳೆಯ ಮನೆ ಮಾರಾಟಕ್ಕೆ ಎಲ್ಲರೂ ಬಳಸುವ ಕರಾರಿನಲ್ಲಿ ಪರೀಕ್ಷೆಗೆ 10 ದಿನ ಇರುತ್ತದೆ. ಆ ದಿನಗಳಲ್ಲಿ ಬೇಡ ಅನ್ನಿಸಿದರೆ ಕಾರಣ ತಿಳಿಸಿ ಹಿಂದೆ ಸರಿಯಬಹುದು. ಆ 10 ದಿನದಲ್ಲಿ ನಾನಾಗಿದ್ದರೆ ಹೀಗೆ ಮಾಡಿಸುತ್ತೇನೆ: ಕೂಲರ್‌ನ ಹೊದಿಕೆ ಬಿಚ್ಚಿಸಿ ನೀರು ಬಿಡಿಸಿ, ಒಂದು ಗಂಟೆ ಓಡಿಸಿ. ಚಾವಣಿಗೆ ಪೈಪಿನಿಂದ ನೀರು ಹಾಯಿಸಿ, ಒಳಗೆ ಬಂದು ಮೂಲೆಮೂಲೆ ನೋಡಿ. ಮಾರುವವರು ಒಪ್ಪದಿದ್ದರೆ ಅದೇ ಉತ್ತರ.

ಊರಿನ ಹೊರಗೆ ಖಾಲಿ ಜಾಗದಲ್ಲಿ ಮನೆ ನೋಡುವವರು ಸೆಪ್ಟಿಕ್ ಟ್ಯಾಂಕ್ ವಿಷಯ ಮರೆಯಬೇಡಿ. ಇಲ್ಲಿನ ನಿಯಮದಂತೆ ಮಾರುವವರೇ ಅದನ್ನು ಪರೀಕ್ಷೆ ಮಾಡಿಸಿ ಕಾಗದ ಕೊಡಬೇಕು. 1978ಕ್ಕಿಂತ ಹಳೆಯ ಮನೆಯಾದರೆ ಸೀಸದ ಬಣ್ಣದ ಫಾರಂ ಕೂಡ ಬರುತ್ತದೆ, ಆಹೋದಲ್ಲಿ ಹೆಚ್ಚಿನ ಮನೆಗಳಿಗೆ ಬರುತ್ತದೆ. ಅಂಗಳದಲ್ಲಿ ಸವಾರೊ ಕಳ್ಳಿ ಇದ್ದರೆ ಅದು ನಿಮ್ಮದು, ಆದರೆ ರಾಜ್ಯದ ಕೃಷಿ ಇಲಾಖೆಗೆ ತಿಳಿಸದೆ ಕಡಿಯುವಂತಿಲ್ಲ. ಕಡಿಯಲು ಮನಸ್ಸೂ ಬರುವುದಿಲ್ಲ. ಅದು ಒಂದು ಕೊಂಬೆ ಬಿಡುವುದಕ್ಕೇ 50 ವರ್ಷ ಮೇಲೆ ಬೇಕು.

ನೀರು, ಕರೆಂಟಿಗೆ ಇವತ್ತಿನವರೆಗೆ ದೂರಿಲ್ಲ. ಗಣಿ ನಿಂತರೂ ಊರಿನ ಹಲವು ಭಾಗಗಳಿಗೆ ಇವನ್ನು ಕೊಡುವುದು ಗಣಿ ಕಂಪನಿಯ ಅಂಗಸಂಸ್ಥೆಯೇ. ಬೇರೆ ಬೀದಿಗೆ ಬೇರೆ ನೀರಿನ ಸಂಸ್ಥೆ ಇರಬಹುದು, ಮನೆ ನೋಡುವಾಗಲೇ ಹಳೆಯ ಬಿಲ್ಲು ಕೇಳಿ. ಬೇಸಿಗೆಯ ಬಿಲ್ಲು ಕೇಳಿ, ಚಳಿಗಾಲದ್ದು ತೋರಿಸಿದರೆ ನಕ್ಕು ಸುಮ್ಮನಾಗಿ.

ದೂರ. ಇದಕ್ಕೆ ಅಂಕ ಕೊಡುವುದು ಕಷ್ಟ. ಉತ್ತರಕ್ಕೆ ಹೀಲಾ ಬೆಂಡ್ 40 ಮೈಲಿಗೂ ಮೇಲೆ, ನಡುವೆ ವಾಯುಪಡೆಯ ಬಾಂಬಿಂಗ್ ಅಭ್ಯಾಸದ ಬಯಲು ಬಿಟ್ಟರೆ ಬೇರೇನಿಲ್ಲ. ಕೆಲವು ದಿನ ಯುದ್ಧವಿಮಾನದ ಸದ್ದಿಗೆ ಕಿಟಕಿ ಗಾಜು ನಡುಗುತ್ತದೆ. ಪೂರ್ವಕ್ಕೆ ತೊಹೊನೊ ಓಧಮ್ ಜನರ ನಾಡು ದಾಟಿ ಟೂಸಾನ್, ಎರಡು ಗಂಟೆಗೂ ಜಾಸ್ತಿ ಹಾದಿ. ಊರಲ್ಲಿ ದಿನಸಿ ಅಂಗಡಿ ಇದೆ, ಕ್ಲಿನಿಕ್ ಇದೆ, ಗ್ರಂಥಾಲಯ ಇದೆ. ಹೃದ್ರೋಗದ ಡಾಕ್ಟರು, ಹೆರಿಗೆ, ದೊಡ್ಡ ಆಸ್ಪತ್ರೆ ಅಂದರೆ ನಗರಕ್ಕೇ ಹೋಗಬೇಕು. ವಯಸ್ಸಾದ ಅಪ್ಪ ಅಮ್ಮನನ್ನು ಕರೆತಂದು ಇಟ್ಟುಕೊಳ್ಳುವ ಯೋಚನೆ ಇದ್ದವರು ಇಲ್ಲಿ ಮನೆ ಕೊಳ್ಳಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಉತ್ತರದ ದಾರಿಯಲ್ಲಿ ಗಡಿ ಪಡೆಯ ತಪಾಸಣೆ ಠಾಣೆಯಿದೆ. ದೇಶದೊಳಗೇ ಓಡಾಡಿದರೂ ಕಾರು ನಿಲ್ಲಿಸಿ "ಅಮೆರಿಕದ ಪ್ರಜೆಗಳಾ?" ಅಂತ ಕೇಳುತ್ತಾರೆ. ನನ್ನ ಗಂಡನಿಗೆ ಗ್ರೀನ್ ಕಾರ್ಡ್, ಅದನ್ನು ಮರೆಯದೆ ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ನಮ್ಮ ಮೈಬಣ್ಣದವರಿಗೆ ಒಂದೆರಡು ಪ್ರಶ್ನೆ ಜಾಸ್ತಿ ಬೀಳುತ್ತದೆ ಅಂತ ನನಗನ್ನಿಸಿದೆ. ದಕ್ಷಿಣದ ಲೂಕ್‌ವಿಲ್ ಗಡಿ ದಾಟು 2023ರ ಡಿಸೆಂಬರ್‌ನಲ್ಲಿ ಒಂದು ತಿಂಗಳು ಮುಚ್ಚಿತ್ತು. ಮೆಕ್ಸಿಕೊದ ಸಮುದ್ರತೀರಕ್ಕೆ ಹೋಗುವ ಪ್ರವಾಸಿಗರು ಈ ದಾರಿಯಲ್ಲೇ ಬರಬೇಕು, ಅವರಿಲ್ಲದಿದ್ದರೆ ಇಲ್ಲಿನ ಅಂಗಡಿಗಳಿಗೆ ವ್ಯಾಪಾರವಿಲ್ಲ. ಸಣ್ಣ ಊರಿನಲ್ಲಿ ಅಂಗಡಿಗೆ ಬೀಗ ಬಿದ್ದರೆ ನಿಮ್ಮ ಮನೆಯ ಬೆಲೆಗೂ ಅದರ ಬಿಸಿ ತಟ್ಟುತ್ತದೆ.

ಹಾವು, ಚೇಳು ಅಂತ ಹೆದರುವವರಿಗೆ: ಚೇಳು ಇದೆ. ನೇರಳಾತೀತ (ಯುವಿ) ಬೆಳಕಿನ ಟಾರ್ಚ್ ಹಾಕಿದರೆ ಹಸಿರಾಗಿ ಹೊಳೆಯುತ್ತದೆ, ಹುಡುಕಿ ತೆಗೆಯಬಹುದು. ನನಗೆ ಅದಕ್ಕಿಂತ ಇಲಿಗಳದ್ದೇ ಕಾಟ. ಪ್ಯಾಕ್ ರ್ಯಾಟ್ ಅನ್ನುವ ಇಲಿ ಕಾರಿನ ಬಾನೆಟ್ಟಿನೊಳಗೆ ಗೂಡು ಕಟ್ಟಿ ವೈರು ಕಡಿಯುತ್ತದೆ. ಸಂಜೆ ಬಾನೆಟ್ ಎತ್ತಿಡುವ ಕಾರುಗಳು ಬೀದಿಯುದ್ದಕ್ಕೂ ಕಾಣುತ್ತವೆ. ಧೂಳಿನಿಂದ ಬರುವ ವ್ಯಾಲಿ ಫೀವರ್ ಅನ್ನುವ ಶ್ವಾಸಕೋಶದ ಕಾಯಿಲೆಯ ಬಗ್ಗೆ ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಕೆಮ್ಮು ವಾರಗಟ್ಟಲೆ ಬಿಡದಿದ್ದರೆ ಅದನ್ನೇ ಮೊದಲು ಅನುಮಾನಿಸಬೇಕು.

ಇಷ್ಟೆಲ್ಲ ಹೇಳಿ ಊರಿಗೆ ನಾಲ್ಕು ಅಂಕ ಯಾಕೆ ಅಂತ ಕೇಳುತ್ತೀರಿ. ಮಳೆ ಬರುವ ಮುಂಚೆ ಕ್ರಿಯೋಸೋಟ್ ಪೊದೆಯ ವಾಸನೆ ಇಡೀ ಊರಿಗೆ ಹರಡುತ್ತದೆ, ಅದಕ್ಕೆ ಒಂದು ಅಂಕ. ದಕ್ಷಿಣಕ್ಕೆ ಹೋದರೆ ಆರ್ಗನ್ ಪೈಪ್ ಕಳ್ಳಿಗಳ ರಾಷ್ಟ್ರೀಯ ಸ್ಮಾರಕ, 1937ರಿಂದ ಕಾಯ್ದಿಟ್ಟ ಕಾಡು, ಅದಕ್ಕೆ ಒಂದು. ಉಳಿದೆರಡು ಜನಕ್ಕೆ. ಚಾವಣಿ ಸೋರಿದ ದಿನ ಪಕ್ಕದ ಮನೆಯ ಅಜ್ಜಿ ಕೇಳದೆಯೇ ಟಾರ್ಪಾಲು ತಂದುಕೊಟ್ಟರು. ಅವರ ಯಜಮಾನರು ಗಣಿಯಲ್ಲಿ ದುಡಿದವರು. "ಈ ಮನೆ ಯಾವ ಮೂಲೆಯಲ್ಲಿ ಸೋರುತ್ತದೆ ಅಂತ ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆನಲ್ಲ" ಅಂದರು. ಇನ್‌ಸ್ಪೆಕ್ಟರ್‌ಗೆ ಕೊಟ್ಟ ಶುಲ್ಕದಲ್ಲಿ ಅಜ್ಜಿಗೆ ಒಂದು ಸೀರೆ ಬರುತ್ತಿತ್ತು.

ರಿಪೇರಿಯವರ ಬಗ್ಗೆ ಒಂದು ಮಾತು. ಊರಿನಲ್ಲೇ ಇರುವವರು ಕಡಿಮೆ, ಅವರ ಕೈತುಂಬ ಕೆಲಸ. ನಗರದವರು ಒಂದೇ ಮನೆಗಾಗಿ ಇಷ್ಟು ದೂರ ಬರುವುದಿಲ್ಲ, ಬಂದರೆ ದಾರಿಖರ್ಚೇ ಕೆಲಸಕ್ಕಿಂತ ಜಾಸ್ತಿ. ಹಾಗಾಗಿ ಇಲ್ಲಿನವರು ನಾಲ್ಕೈದು ಮನೆ ಸೇರಿ ಒಂದೇ ದಿನಕ್ಕೆ ಕರೆಸುತ್ತಾರೆ. ನಮ್ಮ ಸ್ಪ್ಲಿಟ್ ಎಸಿ ಹಾಕಿಸುವುದಕ್ಕೂ ಹಾಗೇ ಪಟ್ಟಿ ಮಾಡಿದ್ದೇವೆ. ಇನ್ನೂ ಒಂದು ಮನೆಯವರು ಹೂಂ ಅನ್ನಬೇಕು. ಅವರು ಚಳಿಗಾಲಕ್ಕೆ ಮಾತ್ರ ಬರುವವರು, ಅಷ್ಟೊಂದು ಅವಸರ ಕಾಣುತ್ತಿಲ್ಲ.