ವಾಲ್ನೂರಿನಲ್ಲಿ ಕಡಿಮೆ ಖರ್ಚಿನ ಮಹಶೀರ್ ಗಾಳ: ಒಂದು ಹೋಮ್‌ಸ್ಟೇಯ ವಿಮರ್ಶೆ

ಕುಶಾಲನಗರದಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯಲ್ಲಿ, ನಂಜರಾಯಪಟ್ಟಣ ದಾಟಿದ ಮೇಲೆ ಸಿಗುವ ವಾಲ್ನೂರಿನ ಆಸುಪಾಸಿನಲ್ಲಿ, ಕಾವೇರಿಯಲ್ಲಿ ಮಹಶೀರ್ ಎಂಬ ದೊಡ್ಡ ಸಿಹಿನೀರಿನ ಮೀನಿಗೆ ಗಾಳ ಹಾಕಲು ಬರುವವರಿಗೆ ವಸತಿ, ಊಟ, ಮಾರ್ಗದರ್ಶಿ ಮತ್ತು ಬಾಡಿಗೆಯ ಗಾಳದ ಸಾಮಾನು ಒದಗಿಸುವ ಒಂದು ಸಣ್ಣ ಹೋಮ್‌ಸ್ಟೇಯಲ್ಲಿ ಬಾಲ್ಯದ ಗೆಳೆಯನೊಡನೆ ಒಂದು ವಾರಾಂತ್ಯ ಉಳಿದಿದ್ದೆ. ಕೊಟ್ಟ ಹಣಕ್ಕೆ ವಸತಿ ತೃಪ್ತಿಕರವಾಗಿತ್ತು, ಮಾರ್ಗದರ್ಶಿ ಅಸಾಧಾರಣ ಮನುಷ್ಯ, ಬಾಡಿಗೆಗೆ ಕೊಟ್ಟ ಸಾಮಾನು ಮಾತ್ರ ಕಳಪೆ. ಇವೆಲ್ಲಕ್ಕಿಂತ ಮುಖ್ಯವಾದ ಒಂದು ಕೊರತೆ ಅಲ್ಲಿ ಕಂಡಿತು: ಹಿಡಿದ ಮೀನಿನ ವಿವರ ಬರೆದಿಡುವ ಪುಸ್ತಕವೇ ಇರಲಿಲ್ಲ. ಈ ಬರಹದ ಒಂದು ಮುಖ್ಯ ಭಾಗ ಅದರ ಕುರಿತೇ ಇದೆ. ನಾವು ಹೇಳಿದ ದೋಷಗಳನ್ನು ಸರಿಪಡಿಸಿಕೊಳ್ಳುವುದಾಗಿ ಮನೆಯವರು ಒಪ್ಪಿರುವುದರಿಂದ ಹೋಮ್‌ಸ್ಟೇಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೊಳೆದಡದಲ್ಲಿ ಇಂಥ ಸೇವೆ ಕೊಡುವ ಯಾವ ಮನೆಯನ್ನಾದರೂ ಅಳೆಯಲು ಈ ಮಾತುಗಳು ಉಪಯೋಗವಾಗಬಹುದು.

ಗೆಳೆಯ ಈಗ ಅಮೆರಿಕದ ಕೊಲರಾಡೊದಲ್ಲಿದ್ದಾನೆ. ಅಲ್ಲಿಂದ ಉತ್ತರಕ್ಕಿರುವ ವಯೋಮಿಂಗ್ ರಾಜ್ಯದ ಬಯಲುಗಳಿಗೆ ಸಹೋದ್ಯೋಗಿಯೊಬ್ಬನ ಜೊತೆ, ಹಳೆಯ ಪಿಕಪ್ ಗಾಡಿಯಲ್ಲಿ ಡೇರೆ ಕಟ್ಟಿಕೊಂಡು, ಪ್ರಾಂಗ್‌ಹಾರ್ನ್ ಬೇಟೆಗೆ ಹೋಗಿ ಬಂದ ಅನುಭವ ಅವನಿಗಿದೆ. ನೋಡಲು ನಮ್ಮ ಕೃಷ್ಣಮೃಗವನ್ನು ನೆನಪಿಸುವ, ಆದರೆ ನಿಜವಾದ ಜಿಂಕೆ ಅಥವಾ ಕೃಷ್ಣಮೃಗಗಳ ಕುಲಕ್ಕೆ ಸೇರದ ಈ ಪ್ರಾಣಿ ಉತ್ತರ ಅಮೆರಿಕದ ಅತಿ ವೇಗದ ಓಟಗಾರ. ಅದನ್ನು ಬೇಟೆಯಾಡಬೇಕಾದರೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು, ಲಾಟರಿಯಲ್ಲಿ ಪರವಾನಗಿ ಸಿಗಬೇಕು, ಒಂದು ಪರವಾನಗಿಗೆ ಒಂದೇ ಪ್ರಾಣಿ, ಅದೂ ಗೊತ್ತುಪಡಿಸಿದ ಪ್ರದೇಶದಲ್ಲಿ ಮಾತ್ರ. ಮಾರ್ಗದರ್ಶಿಯನ್ನು ಇಟ್ಟುಕೊಳ್ಳದೆ ಸರಕಾರಿ ಬಯಲಿನಲ್ಲೇ ಬೇಟೆಯಾಡಿದರೆ ಖರ್ಚು ಬಹಳ ಕಡಿಮೆಯಾಗುತ್ತದೆಂದು ಅವನು ಹೇಳುತ್ತಾನೆ. ಊರಿಗೆ ಬಂದವನಿಗೆ ಅಂಥದ್ದೇ ಒಂದು ಪ್ರವಾಸವನ್ನು ಇಲ್ಲಿ ಮಾಡುವ ಆಸೆ ಇತ್ತು.

ಇಲ್ಲಿ ಅದು ಸಾಧ್ಯವಿಲ್ಲ, ಸಾಧ್ಯವಾಗಬಾರದು ಕೂಡ. ನಮ್ಮ ಅಜ್ಜಂದಿರ ಕಾಲದಲ್ಲಿ ಬೇಟೆ ಕೊಡಗಿನ ಬದುಕಿನ ಭಾಗವಾಗಿತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಇಂದಿಗೂ ಕೋವಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನ ಬೇಟೆಯ ಕಾಲ ಮುಗಿಯಿತು. ಪ್ರಾಣಿಯ ಜಾಡು ಹಿಡಿಯುವ, ಗಂಟೆಗಟ್ಟಲೆ ಕಾಯುವ, ಗಾಳಿ ನೀರುಗಳ ಗತಿ ಓದುವ ಆ ಹಳೆಯ ವಿದ್ಯೆಗೆ ಕಾನೂನಿನ ಒಳಗೇ ಉಳಿದಿರುವ ಒಂದು ಜಾಗವೆಂದರೆ, ಹಿಡಿದ ಮೀನನ್ನು ಜೀವಂತವಾಗಿ ಮತ್ತೆ ನೀರಿಗೆ ಬಿಡುವ ಷರತ್ತಿನ ಮಹಶೀರ್ ಗಾಳ. ಸಂರಕ್ಷಿತ ಅರಣ್ಯಗಳ ಒಳಗೆ ಅದಕ್ಕೂ ಅವಕಾಶವಿಲ್ಲ. ಮಂಡ್ಯ, ರಾಮನಗರ ಕಡೆಯ ಕಾವೇರಿಯಲ್ಲಿದ್ದ ಹೆಸರಾಂತ ಗಾಳದ ಶಿಬಿರಗಳಲ್ಲಿ ಗಾಳ ನಿಂತುಹೋಗಿ ವರ್ಷಗಳಾದವು. ವಾಲ್ನೂರಿನ ಭಾಗದಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಮಹಶೀರ್ ರಕ್ಷಣೆಗಾಗಿ ಹೊಳೆಯ ಒಂದಷ್ಟು ಉದ್ದವನ್ನು ನೋಡಿಕೊಳ್ಳುತ್ತಿದ್ದು, ಅದರ ಪರವಾನಗಿ ಪಡೆದೇ ಗಾಳ ಹಾಕಬೇಕು. ನಾವು ಹೊರಡುವ ಮೊದಲೇ ಪರವಾನಗಿ ಮಾಡಿಸಿಕೊಂಡಿದ್ದೆವು. ಪರವಾನಗಿ ಇದೆಯೇ ಎಂದು ಹೋಮ್‌ಸ್ಟೇಯ ಯಜಮಾನರು ಫೋನಿನಲ್ಲೇ ಮೊದಲು ಕೇಳಿದರು. ಇಲ್ಲವೆಂದಿದ್ದರೆ ಕೋಣೆ ಕೊಡುತ್ತಿರಲಿಲ್ಲವೆಂದು ಆಮೇಲೆ ಹೇಳಿದರು. ಆ ಒಂದು ಪ್ರಶ್ನೆಯಿಂದಲೇ ಆ ಮನೆಯ ಮೇಲೆ ನನಗೆ ಗೌರವ ಮೂಡಿತು.

ಖರ್ಚಿನ ವಿವರ ಹೀಗಿದೆ. ಮೂರು ಹೊತ್ತಿನ ಊಟ ಸೇರಿ ಒಬ್ಬರಿಗೆ ದಿನಕ್ಕೆ 1,600 ರೂಪಾಯಿ, ಮಾರ್ಗದರ್ಶಿಗೆ ಇಬ್ಬರಿಂದ ಸೇರಿ ದಿನಕ್ಕೆ 900, ಒಂದು ರಾಡ್ ಮತ್ತು ರೀಲಿಗೆ ದಿನಕ್ಕೆ 400. ಮಡಿಕೇರಿಯಿಂದ ಕುಶಾಲನಗರಕ್ಕೆ ಸರಕಾರಿ ಬಸ್ಸಿನಲ್ಲಿ ಬಂದು, ಅಲ್ಲಿಂದ ಸಿದ್ದಾಪುರದ ಖಾಸಗಿ ಬಸ್ಸು ಹಿಡಿದೆವು. ಕೊಡಗಿನ ವಾರಾಂತ್ಯದ ದರಗಳನ್ನು ಬಲ್ಲವರಿಗೆ ಇದು ಅಗ್ಗವೆಂದು ಬೇರೆ ಹೇಳಬೇಕಿಲ್ಲ.

ಈ ಹಣದಲ್ಲಿ ಒಂದು ರೂಪಾಯಿಯೂ ವ್ಯರ್ಥವಾಗಲಿಲ್ಲವೆಂದು ಧೈರ್ಯವಾಗಿ ಹೇಳಬಹುದಾದದ್ದು ಮಾರ್ಗದರ್ಶಿಗೆ ಕೊಟ್ಟ ಹಣದ ವಿಷಯದಲ್ಲಿ. ಹೊಳೆಯ ದಡದಲ್ಲೇ ಹುಟ್ಟಿ ಬೆಳೆದ ಐವತ್ತು ದಾಟಿದ ಆ ಅಣ್ಣ ಮೊದಲ ದಿನ ಬೆಳಿಗ್ಗೆ ನಮ್ಮ ಕೈಗೆ ಗಾಳವನ್ನೇ ಕೊಡಲಿಲ್ಲ. ದಡದ ಬಂಡೆಯೊಂದರ ಮೇಲೆ ಕೂರಿಸಿ, ನೀರು ಎಲ್ಲಿ ಕಲ್ಲಿಗೆ ಬಡಿದು ಒಡೆಯುತ್ತದೆ, ಒಡೆದ ನೀರು ಎಲ್ಲಿ ಮಡುವಿಗೆ ಇಳಿಯುತ್ತದೆ, ವೇಗದ ಮತ್ತು ನಿಧಾನದ ನೀರು ಸೇರುವ ಗೆರೆ ಯಾವುದು ಎಂಬುದನ್ನು ತೋರಿಸಿದರು. ಮಹಶೀರನ್ನು ಅವರು ಬಿಳಿಮೀನು ಎಂದೇ ಕರೆಯುತ್ತಾರೆ. ಬಿಳಿಮೀನು ಹಗಲಲ್ಲಿ ಆಳದ ಮಡುವಿನಲ್ಲಿದ್ದು, ಬೆಳಕು ಮೂಡುವಾಗ ಮತ್ತು ಇಳಿಯುವಾಗ ಆ ಗೆರೆಗೆ ಮೇಯಲು ಬರುತ್ತದೆ. ಹೊಳೆಯ ಮೇಲೆ ಬಾಗಿದ ಅತ್ತಿಮರ ಹಣ್ಣು ಉದುರಿಸುವ ದಿನಗಳಲ್ಲಿ ಮರದ ಬುಡ ಬಿಟ್ಟು ಕದಲುವುದಿಲ್ಲ. ಏಡಿ, ಬಸವನಹುಳುಗಳನ್ನು ಗಂಟಲ ಹಲ್ಲುಗಳಿಂದ ಪುಡಿ ಮಾಡಿ ತಿನ್ನುತ್ತದೆ. ಇವೆಲ್ಲವನ್ನೂ ಅವರು ಸ್ಥಳ ತೋರಿಸುತ್ತಲೇ ಹೇಳಿದರು. ನೀರಿಗೆ ನೆರಳು ಬೀಳದಂತೆ ಎಲ್ಲಿ ನಿಲ್ಲಬೇಕು, ಬಂಡೆಯ ಮೇಲೆ ಹೆಜ್ಜೆ ಹೇಗೆ ಇಡಬೇಕು ಎಂಬ ಪಾಠವೂ ಆಯಿತು. ವಯೋಮಿಂಗ್‌ನ ಬಯಲಿನಲ್ಲಿ ದೂರದ ಚಲನೆಯನ್ನೂ ಗುರುತಿಸಿಬಿಡುವ ಪ್ರಾಂಗ್‌ಹಾರ್ನ್‌ನ ಕಣ್ಣು ತಪ್ಪಿಸಲು ಹೊಟ್ಟೆಯ ಮೇಲೆ ತೆವಳುತ್ತಿದ್ದ ಗೆಳೆಯನಿಗೆ ಈ ಪಾಠದ ಬೆಲೆ ನನಗಿಂತ ಬೇಗ ಅರ್ಥವಾಯಿತು.

ಅವರ ಎರೆ ರಾಗಿಯದು. ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಬೇಯಿಸಿ, ಮತ್ತೆ ನಾದಿ, ಹರಿಯುವ ನೀರಿನಲ್ಲಿ ಕರಗದಷ್ಟು ಬಿಗಿ ಮಾಡುತ್ತಾರೆ. ಕಾವೇರಿಯ ಗಾಳದವರು ತಲೆಮಾರುಗಳಿಂದ ನೆಚ್ಚಿಕೊಂಡು ಬಂದ ಎರೆ ಇದು. ಮೀನು ಕಚ್ಚಿದಾಗ ಗಾಬರಿಯಿಂದ ರೀಲ್ ಸುತ್ತಲು ಹೊರಟ ಗೆಳೆಯನ ಭುಜದ ಮೇಲೆ ಕೈಯಿಟ್ಟು ಅವರು ಹೇಳಿದ್ದು ಇಷ್ಟೇ: “ಅದು ಎಳೀಲಿ, ನೀವು ಎಳೀಬೇಡಿ.” ಮಹಶೀರಿನ ಮೊದಲ ಓಟವನ್ನು ತಡೆಯಲು ಹೋಗುವುದು ನಿಷ್ಪ್ರಯೋಜಕ, ಅದು ಪ್ರವಾಹದ ಬಲವನ್ನೂ ಸೇರಿಸಿಕೊಂಡು ಕೆಳಗೆ ನುಗ್ಗುತ್ತದೆ, ಆಗ ನೂಲು ಬಿಟ್ಟುಕೊಡುವುದೇ ದಾರಿ.

ಬಾಡಿಗೆಯ ಸಾಮಾನು ಕೈಕೊಟ್ಟದ್ದು ಇಲ್ಲೇ. ರೀಲಿನಲ್ಲಿದ್ದ ನೂಲು ಹಳೆಯದು, ಬಿಸಿಲಿಗೆ ಒಣಗಿ ಬಿರುಸಾಗಿತ್ತು, ಅಲ್ಲಲ್ಲಿ ಉಗುರಿಗೆ ಒರಟು ಸಿಗುತ್ತಿತ್ತು. ನೂಲನ್ನು ಹದವಾಗಿ ಬಿಡಬೇಕಾದ ರೀಲಿನ ಬಿಗಿತ ಒಮ್ಮೆ ಸಡಿಲ, ಒಮ್ಮೆ ಬಿಗಿ. ಸಂಜೆ ಕಚ್ಚಿದ ದೊಡ್ಡ ಮೀನೊಂದು ಓಡುತ್ತಿದ್ದಾಗ ರೀಲು ಹಿಡಿದುಕೊಂಡಿತು, ನೂಲು ತುಂಡಾಯಿತು. ಮೀನು ತಪ್ಪಿಹೋದದ್ದಕ್ಕೆ ನನಗೆ ದುಃಖವಿಲ್ಲ. ತುಟಿಯಲ್ಲಿ ಗಾಳದ ಮುಳ್ಳನ್ನೂ ಅದರ ಹಿಂದೆ ಮೀಟರುಗಟ್ಟಲೆ ನೂಲನ್ನೂ ಎಳೆದುಕೊಂಡು ಆ ಮೀನು ಹೋಯಿತೆಂಬುದು ದುಃಖದ ಸಂಗತಿ. ಆ ನೂಲು ಬಂಡೆಗೋ ಬೇರಿಗೋ ಸುತ್ತಿಕೊಂಡರೆ ಮೀನು ಅಲ್ಲೇ ಸಾಯುತ್ತದೆ. ಇದರ ಜೊತೆಗೆ ಅವರು ಕೊಟ್ಟ ಕೃತಕ ಎರೆಗಳಲ್ಲಿ ಹಿಮ್ಮುಳ್ಳಿರುವ (ಚುಚ್ಚಿದ ಕೊಕ್ಕೆ ಜಾರದಂತೆ ತಡೆಯುವ ಹಿಂಬಾಗಿದ ಮೊನೆಯಿರುವ) ಮೂರು ಕವಲಿನ ಕೊಕ್ಕೆಗಳಿದ್ದವು. ಮೀನನ್ನು ಬಿಟ್ಟುಬಿಡುವ ಉದ್ದೇಶದ ಗಾಳಕ್ಕೆ ಅವು ಸಲ್ಲವು. ಹಿಮ್ಮುಳ್ಳಿಲ್ಲದ ಒಂಟಿ ಕೊಕ್ಕೆಯಾದರೆ ಕ್ಷಣದಲ್ಲಿ ಬಿಡಿಸಬಹುದು, ಬಾಯಿಗೆ ಆಗುವ ಗಾಯವೂ ಕಡಿಮೆ. ಮಾರ್ಗದರ್ಶಿ ಅಣ್ಣ ತಮ್ಮ ಇಕ್ಕಳದಿಂದ ಹಿಮ್ಮುಳ್ಳುಗಳನ್ನು ಒತ್ತಿ ಮಟ್ಟ ಮಾಡಿಕೊಟ್ಟದ್ದರಿಂದ ನಾವು ಮುಂದುವರಿದೆವು. ಅವರಿಲ್ಲದೆ ಬರೀ ಸಾಮಾನು ಬಾಡಿಗೆಗೆ ಪಡೆದವರ ಗತಿಯೇನು? ಪರವಾನಗಿ ಕೇಳುವಷ್ಟು ಪ್ರಜ್ಞೆಯಿರುವ ಮನೆಯಲ್ಲಿ ಈ ಉದಾಸೀನ ಇರಬಾರದಿತ್ತು.

ಮರುದಿನ ಗೆಳೆಯನಿಗೆ ಒಂದು ಮೀನು ಸಿಕ್ಕಿತು. ನೀಲಿಛಾಯೆಯ ರೆಕ್ಕೆಗಳ, ಅಂಗೈಗೆ ದೊರಗಾಗಿ ತಾಗುವ ದೊಡ್ಡ ಹುರುಪೆಗಳ, ಮೂರು ಕಿಲೋ ತೂಗಬಹುದಾದ ಮಹಶೀರ್. ಮಾರ್ಗದರ್ಶಿ ಅದನ್ನು ನೀರಿನಿಂದ ಮೇಲೆತ್ತಲು ಬಿಡಲಿಲ್ಲ. ಕೈ ಒದ್ದೆ ಮಾಡಿಕೊಂಡು, ಮೊಣಕಾಲು ನೀರಿನಲ್ಲಿ ನಿಂತು, ಹೊಟ್ಟೆಯ ಕೆಳಗೆ ಹಗುರಾಗಿ ಕೈಕೊಟ್ಟು, ಮೂತಿಯನ್ನು ಹರಿವಿನ ಎದುರಿಗೆ ತಿರುಗಿಸಿ ಹಿಡಿದರು. ಕಿವಿರು ಒಂದೇ ಲಯದಲ್ಲಿ ಆಡತೊಡಗಿದ ಮೇಲೆ ಅದು ತಾನಾಗಿಯೇ ಹೊರಟಿತು. ಒಂದು ಫೋಟೊಕ್ಕಾಗಿ ಮೀನನ್ನು ಎದೆಗವಚಿಕೊಂಡು ನಿಲ್ಲುವವರು ಈ ಮನುಷ್ಯನಿಂದ ಕಲಿಯಬೇಕು.

ನಾನು ಮುಖ್ಯವೆಂದ ಕೊರತೆ ಅದರ ಮರುಕ್ಷಣವೇ ಗೊತ್ತಾಯಿತು. ಯಾವ ಜಾತಿ, ಎಷ್ಟು ಉದ್ದ, ಯಾವ ಮಡು ಎಂದು ಬರೆದಿಡಲು ಪುಸ್ತಕ ಕೇಳಿದರೆ, ಆ ಮನೆಯಲ್ಲಿ ಅಂಥದ್ದೊಂದು ಇರಲೇ ಇಲ್ಲ. ಇದು ಏಕೆ ಇಷ್ಟು ದೊಡ್ಡ ವಿಷಯವೆಂದರೆ, ಕಾವೇರಿಯಲ್ಲಿ ಈಗ ಮಹಶೀರ್ ಎಂದು ನಾವು ಕರೆಯುವ ಮೀನು ಒಂದೇ ಬಗೆಯದಲ್ಲ. ಹೊಳೆಯ ಮೂಲನಿವಾಸಿ, ಬೆನ್ನು ಗೂನಿನಂತೆ ಉಬ್ಬಿರುವ, ಕಿತ್ತಳೆ ಛಾಯೆಯ ರೆಕ್ಕೆಗಳ ಮಹಶೀರ್ ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮೀನು ಈ ಜಾತಿಯದು. ನೀಲಿ ರೆಕ್ಕೆಯ ಮಹಶೀರ್ ಇಲ್ಲಿಗೆ ಹೊರಗಿನದು; ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದ ಮರಿಗಳನ್ನು, ಸದುದ್ದೇಶದಿಂದಲೇ, ತಂದು ಬಿಟ್ಟದ್ದು. ಅದು ಹೆಚ್ಚುತ್ತ ಹೋದಂತೆ ಗೂನುಬೆನ್ನಿನ ಮಹಶೀರ್ ಕಾಣದಾಯಿತು. ಈ ಸಂಗತಿ ಜಗತ್ತಿಗೆ ಖಚಿತವಾಗಿ ತಿಳಿದದ್ದು ಹೇಗೆ? ಆಗಲೇ ಹೇಳಿದ ಕಾವೇರಿಯ ಶಿಬಿರಗಳಲ್ಲೊಂದಾದ ಗಲಿಬೋರೆಯಲ್ಲಿ ಗಾಳದವರು ವರ್ಷಗಟ್ಟಲೆ ಬರೆದಿಟ್ಟ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಿಂದ. ಆ ಪುಸ್ತಕಗಳಿಲ್ಲದಿದ್ದರೆ, ಮಹಶೀರ್ ಹೇರಳವಾಗಿದೆ ಎಂದುಕೊಂಡೇ ಎಲ್ಲರೂ ಸುಮ್ಮನಿರುತ್ತಿದ್ದರು. ಗೂನುಬೆನ್ನಿನ ಮೀನಿಗೆ ಟಾರ್ ರೆಮದೇವಿ ಎಂಬ ವೈಜ್ಞಾನಿಕ ಹೆಸರು ಸಲ್ಲುತ್ತದೆಂದು ನಿರ್ಧಾರವಾದದ್ದು, ಅದು ಅಳಿವಿನ ಅಂಚಿನ ತೀವ್ರ ಅಪಾಯದ ಪಟ್ಟಿಗೆ ಸೇರಿದ್ದು 2018ರಲ್ಲಿ.

ಹೀಗಿರುವಾಗ ಹೊಳೆದಡದ ಪ್ರತಿ ಹೋಮ್‌ಸ್ಟೇಯಲ್ಲೂ ನೂರು ರೂಪಾಯಿಯ ಒಂದು ದಪ್ಪ ಪುಸ್ತಕ ಇರಲೇಬೇಕು. ಮಾರ್ಗದರ್ಶಿ ಅಣ್ಣನ ನೆನಪಿನಲ್ಲಿ ನಲವತ್ತು ವರ್ಷಗಳ ಹೊಳೆಯಿದೆ: ಯಾವ ಬೇಸಗೆಯಲ್ಲಿ ಮಡು ಬತ್ತಿತು, ಎಲ್ಲಿ ಕಳ್ಳರು ತೋಟೆ ಸಿಡಿಸಿ ಮರಿಮೀನುಗಳನ್ನೆಲ್ಲ ಕೊಂದರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಪಲ್ಪಿಂಗ್ ನಡೆಯುವ ತಿಂಗಳುಗಳಲ್ಲಿ ತೋಡಿನ ನೀರು ಹೊಳೆ ಸೇರುವಲ್ಲಿ ಮೀನು ಹೇಗೆ ದೂರ ಸರಿಯುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ಅದನ್ನು ಯಾರೂ ಬರೆದುಕೊಂಡಿಲ್ಲ. ಗೆಳೆಯ ವಯೋಮಿಂಗ್‌ನ ವ್ಯವಸ್ಥೆಯಲ್ಲಿ ಬಹಳ ಮೆಚ್ಚುವುದು ಇದನ್ನೇ: ಅಲ್ಲಿ ಪ್ರಾಣಿಗಳ ಎಣಿಕೆ ನೋಡಿ ಪ್ರತಿ ಪ್ರದೇಶಕ್ಕೆ ಎಷ್ಟು ಪರವಾನಗಿ ಎಂದು ನಿಗದಿ ಮಾಡುತ್ತಾರೆ, ಬೇಟೆಯಾಡಿದವರಿಂದ ವಿವರ ಕೇಳಿ ಪಡೆಯುತ್ತಾರೆ. ಕೊಲ್ಲುವ ಬೇಟೆಗೇ ಅಷ್ಟು ಲೆಕ್ಕ ಬೇಕಾದರೆ, ಉಳಿಸಲೆಂದೇ ನಡೆಯುವ ಗಾಳಕ್ಕೆ ಇನ್ನೆಷ್ಟು ಬೇಕು!

ಊಟ, ವಸತಿಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಕೋಣೆ ಚಿಕ್ಕದು, ಸ್ವಚ್ಛ. ಬಿಸಿನೀರು ಸೌದೆ ಒಲೆಯದು. ಮೊಬೈಲ್ ಸಂಪರ್ಕ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಮನೆಯ ಅಕ್ಕ ಮಾಡಿದ ಕಡುಂಬುಟ್ಟು (ಅಕ್ಕಿತರಿಯ ಉಂಡೆ), ಕಾಚಂಪುಳಿ ಎಂಬ ಹುಳಿರಸ ಹಾಕಿದ ಪಂದಿಕರಿ (ಹಂದಿಮಾಂಸದ ಸಾರು), ಬೆಳಗಿನ ಅಕ್ಕಿರೊಟ್ಟಿ ಮತ್ತು ಎಳ್ಳಿನ ಚಟ್ನಿ ಆ ದರಕ್ಕೆ ನಿರೀಕ್ಷಿಸಬಹುದಾದ್ದಕ್ಕಿಂತ ಬಹಳ ಮೇಲಿದ್ದವು. ಸಸ್ಯಾಹಾರಿಗಳು ಮೊದಲೇ ತಿಳಿಸಬೇಕು.

ಆನೆಗಳ ವಿಷಯ ಮಾತ್ರ ಗಂಭೀರ. ಹೊಳೆಯ ಆಚೆಗೆ ದುಬಾರೆಯ ಕಾಡು, ಈಚೆಗೆ ಕಾಫಿ ತೋಟಗಳು. ಆನೆಗಳು ಎರಡರ ನಡುವೆ ಓಡಾಡುತ್ತಲೇ ಇರುತ್ತವೆ, ಸಿದ್ದಾಪುರ ಭಾಗದ ತೋಟಗಳಲ್ಲಿ ಕಾರ್ಮಿಕರು ಪ್ರಾಣ ಕಳೆದುಕೊಂಡ ಸುದ್ದಿ ಹೊಸದಲ್ಲ. ಗಾಳಕ್ಕೆ ಒಳ್ಳೆಯ ಹೊತ್ತೂ ಆನೆಗಳು ತಿರುಗಾಡುವ ಹೊತ್ತೂ ಒಂದೇ. ಮಾರ್ಗದರ್ಶಿ ಮುಂದೆ ನಡೆದು, ಲದ್ದಿ ಹಸಿಯೋ ಒಣಗಿದೆಯೋ ನೋಡಿ, ಒಂದು ಸಂಜೆ ಇನ್ನೂ ಬೆಳಕಿರುವಾಗಲೇ ಗಾಳ ಸುತ್ತಿಸಿ ನಮ್ಮನ್ನು ಮನೆಗೆ ಹೊರಡಿಸಿದರು. ಅವರ ಮಾತು ಮೀರಿ ಇನ್ನೊಂದು ಸಲ ಗಾಳ ಬೀಸುವ ಆಸೆಯಿರುವವರು ಅಲ್ಲಿಗೆ ಹೋಗದಿರುವುದೇ ಒಳ್ಳೆಯದು. ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗವೂ ಇದಲ್ಲ.

ಹೋಗಬಯಸುವವರು ಮಳೆಗಾಲದ ಕೆಂಪುನೀರು ಇಳಿದು ಹೊಳೆ ತಿಳಿಯಾದ ಮೇಲೆ ಹೋಗಬೇಕು. ಪರವಾನಗಿಯನ್ನು ಮುಂಚಿತವಾಗಿಯೇ ಮಾಡಿಸಿಕೊಂಡು, ಕಾಗದವನ್ನು ಜೊತೆಯಲ್ಲೇ ಇಟ್ಟುಕೊಳ್ಳಬೇಕು. ರೀಲು, ಹೊಸ ನೂಲು, ಹಿಮ್ಮುಳ್ಳಿಲ್ಲದ ಒಂಟಿ ಕೊಕ್ಕೆಗಳು, ಒಂದು ಇಕ್ಕಳ, ಉದ್ದ ಅಳೆಯಲು ಒಂದು ಟೇಪು ಸ್ವಂತದ್ದೇ ಇರಲಿ. ಬಾಡಿಗೆಯ ಹಣ ಉಳಿಯುವುದರಿಂದ ಒಟ್ಟು ಖರ್ಚು ನಮ್ಮದಕ್ಕಿಂತಲೂ ಕಡಿಮೆಯಾದೀತು. ಉಳಿದ ಹಣದಲ್ಲಿ ಮಾರ್ಗದರ್ಶಿಗೆ ಸ್ವಲ್ಪ ಹೆಚ್ಚು ಕೊಡಿ. ಆ ವಿದ್ಯೆಗೆ ದಿನಕ್ಕೆ 900 ರೂಪಾಯಿ ತೀರ ಕಡಿಮೆ. ಹೊರಡುವ ಮೊದಲು ಗೆಳೆಯ ಕುಶಾಲನಗರದಿಂದ ಗೆರೆ ಹಾಕಿದ ಒಂದು ಪುಸ್ತಕ ತರಿಸಿ, ದಿನಾಂಕ, ಜಾತಿ, ಉದ್ದ, ಮಡು, ನೀರಿನ ಮಟ್ಟ ಎಂದು ಅಂಕಣಗಳನ್ನು ಬರೆದು ಯಜಮಾನರ ಕೈಗೆ ಕೊಟ್ಟಿದ್ದಾನೆ. ಅಲ್ಲಿಗೆ ಹೋದವರು ಮೀನು ಸಿಗಲಿ, ಸಿಗದಿರಲಿ, ಅದನ್ನು ಕೇಳಿ ಪಡೆದು ತುಂಬಬೇಕೆಂದು ಕೋರುತ್ತೇನೆ. ಮೀನು ಸಿಗದ ದಿನದ ದಾಖಲೆಯೂ ದಾಖಲೆಯೇ.