ಫುಟ್ಸಾಲ್ ಆಟಗಾರರ ದಮ್ಮು ಅಳೆಯಲು ಯಾವ ಪರೀಕ್ಷೆ?

ಗೋವೆಯ ವಾಸ್ಕೋದಲ್ಲಿ ನಾನು ತರಬೇತಿ ಕೊಡುವ ಫುಟ್ಸಾಲ್ (ಚಿಕ್ಕ ಅಂಕಣದಲ್ಲಿ ಐವರೈವರು ಆಡುವ ಒಳಾಂಗಣ ಫುಟ್‌ಬಾಲ್) ತಂಡದಲ್ಲಿ ಹೆಚ್ಚಿನವರು ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ನೆಲೆಸಿದ ಮನೆಗಳ ಹುಡುಗರು. ಬಂದರಿನಲ್ಲೋ ಅಂಗಡಿಯಲ್ಲೋ ದುಡಿದು, ಬಿಡುವಾದಾಗ ಅಭ್ಯಾಸಕ್ಕೆ ಬರುತ್ತಾರೆ. ಅವರ ದಮ್ಮು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ಬಳಸಿ ನೋಡಿದ ವಿಧಾನಗಳಲ್ಲಿ, ಋತುವಿನುದ್ದಕ್ಕೂ ನೆಚ್ಚಬಹುದಾದದ್ದು ಆರು ನಿಮಿಷಕ್ಕೆ ನಿಲ್ಲಿಸುವ ಯೋ-ಯೋ ಪರೀಕ್ಷೆಯೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಹಿಡಿದದ್ದು ಬೀಪ್ ಟೆಸ್ಟ್. 1980ರ ದಶಕದಲ್ಲಿ ಕೆನಡಾದ ಲೂಕ್ ಲೆಜೆ ರೂಪಿಸಿದ ಈ ಪರೀಕ್ಷೆಯಲ್ಲಿ 20 ಮೀಟರ್ ಅಂತರದ ಎರಡು ಗೆರೆಗಳ ನಡುವೆ ಬೀಪ್ ಸದ್ದಿಗೆ ಸರಿಯಾಗಿ ಬಿಡುವಿಲ್ಲದೆ ಓಡಬೇಕು, ಗಂಟೆಗೆ 8.5 ಕಿಲೋಮೀಟರ್‌ನಿಂದ ಆರಂಭವಾಗುವ ವೇಗ ಪ್ರತಿ ನಿಮಿಷಕ್ಕೆ ಅರ್ಧ ಕಿಲೋಮೀಟರ್ ಏರುತ್ತದೆ. ಖರ್ಚಿಲ್ಲ, ಆದರೆ ಫುಟ್ಸಾಲ್ ಹಾಗೆ ಆಡುವ ಆಟವಲ್ಲ. 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ, ಚೆಂಡು ಹೊರಹೋದಾಗಲೆಲ್ಲ ಗಡಿಯಾರ ನಿಲ್ಲುವ, ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದಾದ ಆಟದಲ್ಲಿ, ಜೋರಾಗಿ ಓಡಿದವನು ಎಷ್ಟು ಬೇಗ ಚೇತರಿಸಿಕೊಂಡು ಮತ್ತೆ ಓಡುತ್ತಾನೆ ಎಂಬುದೇ ಮುಖ್ಯ.

ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ ಅವರ ಯೋ-ಯೋ ಅದನ್ನೇ ಅಳೆಯುತ್ತದೆ: 20 ಮೀಟರ್ ಹೋಗಿ ಬಂದ ಮೇಲೆ 10 ಸೆಕೆಂಡುಗಳ ಬಿಡುವು, ಮತ್ತೆ ಓಟ, ವೇಗ ಏರುತ್ತ ಹೋಗುತ್ತದೆ. ತೊಡಕೆಂದರೆ, ಪೂರ್ತಿ ಪರೀಕ್ಷೆ ಆಟಗಾರನನ್ನು ಸುಸ್ತಾಗಿ ನಿಲ್ಲುವವರೆಗೆ ಓಡಿಸುತ್ತದೆ. ಪಂದ್ಯವಿರುವ ವಾರದಲ್ಲಿ ಅದನ್ನು ಮಾಡಿಸಲು ನನಗೆ ಮನಸ್ಸು ಬರುವುದಿಲ್ಲ. 30 ಸೆಕೆಂಡು ಓಡಿ 15 ಸೆಕೆಂಡು ನಡೆಯುವ, ಮಾರ್ಟಿನ್ ಬುಶೈಟ್ ಅವರ 30-15 ಪರೀಕ್ಷೆಯೂ ಒಳ್ಳೆಯದೇ, ಆದರೆ ಅದಕ್ಕೆ 40 ಮೀಟರ್ ಓಟದ ಹಾದಿ ಬೇಕು. ನಮ್ಮ ಅಂಕಣದ ಉದ್ದವೇ ಅಷ್ಟು. ಕೊನೆಯ ಗೆರೆಯ ಹಿಂದೆಯೇ ಗೋಡೆ ಇರುವಲ್ಲಿ ಆ ವೇಗದಲ್ಲಿ ತಿರುಗಿಸುವುದು ಅಪಾಯ.

ಆರು ನಿಮಿಷದ ಯೋ-ಯೋದಲ್ಲಿ ಯಾರೂ ಬಳಲುವುದಿಲ್ಲ, ಅಭ್ಯಾಸದ ಆರಂಭದಲ್ಲೇ ಮುಗಿದುಹೋಗುತ್ತದೆ. ಎದೆಗೆ ಕಟ್ಟಿದ ಬಡಿತ ಅಳೆಯುವ ಪಟ್ಟಿಯಿಂದ, ನಿಲ್ಲಿಸಿದ ಕ್ಷಣದ ಹೃದಯಬಡಿತ ಆ ಆಟಗಾರನ ಗರಿಷ್ಠ ಬಡಿತದ ಶೇಕಡಾ ಎಷ್ಟು ಎಂದು ಬರೆದುಕೊಳ್ಳುತ್ತೇನೆ. ಅದೇ ಓಟಕ್ಕೆ ಬಡಿತ ಕಡಿಮೆಯಾಗುತ್ತ ಬಂದರೆ ದಮ್ಮು ಏರಿದೆ ಎಂದರ್ಥ. ಚೌತಿಯ ರಜೆ ಮುಗಿಸಿ ಬಂದ ನಮ್ಮ ವಿಂಗರ್ (ಅಂಚಿನಲ್ಲಿ ಆಡುವವನು) ತನಗೇನೂ ವ್ಯತ್ಯಾಸವಾಗಿಲ್ಲ ಎನ್ನುತ್ತಿದ್ದಾಗಲೇ, ಎದೆಪಟ್ಟಿಯ ಅಂಕಿ ರಜೆಗೆ ಮುಂಚಿನದಕ್ಕಿಂತ ಎದ್ದು ಕಾಣುವಷ್ಟು ಮೇಲಿತ್ತು. ಪಟ್ಟಿಯನ್ನು ಒದ್ದೆ ಮಾಡಿ ಬಿಗಿಯಾಗಿ ಕಟ್ಟಬೇಕು. ಮಣಿಕಟ್ಟಿನ ವಾಚು ಹೀಗೆ ತಿರುಗಿ ತಿರುಗಿ ಓಡುವಾಗ ಹಿಂದೆ ಬೀಳುತ್ತದೆ. ಗರಿಷ್ಠ ಬಡಿತವನ್ನು 220ರಿಂದ ವಯಸ್ಸು ಕಳೆದು ಲೆಕ್ಕ ಹಾಕಿದರೆ ಒಬ್ಬೊಬ್ಬರಲ್ಲಿ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬರಬಹುದಾದ್ದರಿಂದ, ಋತುವಿನ ಆರಂಭದಲ್ಲಿ ಒಮ್ಮೆ ಪೂರ್ತಿ ಯೋ-ಯೋ ಓಡಿಸಿ ಅದರಲ್ಲಿ ಕಂಡ ಗರಿಷ್ಠವನ್ನೇ ಇಟ್ಟುಕೊಳ್ಳುತ್ತೇನೆ.

ಗೋವೆಯ ಸೆಕೆಯನ್ನು ಮಾತ್ರ ಮರೆಯಬಾರದು. ಮೇ ತಿಂಗಳಲ್ಲಿ ಬೆವರು ಆರದ ಸಭಾಂಗಣದಲ್ಲಿ ಬಡಿತ ತಾನಾಗಿ ಏರುತ್ತದೆ. ಹಾಗಾಗಿ ಅದೇ ಹೊತ್ತು, ಅದೇ ನೆಲ ಇರಬೇಕು, ಒಂದೆರಡು ಬಡಿತಗಳ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬಾರದು. ಬೆಳಗ್ಗೆ ಎದ್ದಾಗಿನ ನಾಡಿ ಎಣಿಸುವ ಕ್ರಮ ರಾತ್ರಿ ಪಾಳಿ ಮುಗಿಸಿ ಬರುವ ಹುಡುಗರ ವಿಷಯದಲ್ಲಿ ನಂಬುವಂಥದ್ದಲ್ಲ. ಗೋಲ್‌ಕೀಪರ್‌ಗಂತೂ ಇವುಗಳಲ್ಲಿ ಯಾವುದರ ಅಂಕಿಯನ್ನೂ ನಾನು ಆಯ್ಕೆಗೆ ಆಧಾರವಾಗಿ ಬಳಸುವುದಿಲ್ಲ.