ಪ್ರಾಂಗ್, ಬೆಜೆಲ್, ವಂಕಿ, ಪ್ಲಾಟಿನಂ: ದಿನವೂ ಹಾಕಿಕೊಳ್ಳೋಕೆ ಯಾವ ಉಂಗುರ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೆಜೆಲ್‌ಗೆ. ಹರಳಿನ ಸುತ್ತ ಚಿನ್ನದ ಅಂಚು ಕಟ್ಟಿರುತ್ತದಲ್ಲ, ಆ ಉಂಗುರ. ನಿಶ್ಚಿತಾರ್ಥಕ್ಕೆ ಬಂದಿದ್ದು ಪ್ರಾಂಗ್ ಸಾಲಿಟೇರ್, ಅಂದರೆ ಕೊಕ್ಕೆಗಳು ಹಿಡಿದ ಒಂಟಿ ಹರಳಿನ ಉಂಗುರ. ಮದುವೆಗೆ ಅತ್ತೆ ಹಾಕಿದ್ದು ವಂಕಿ. ಯಜಮಾನರ ಬೆರಳಲ್ಲಿರುವುದು ಪ್ಲಾಟಿನಂ ಬ್ಯಾಂಡ್. ಬೆಜೆಲ್ ಮಾತ್ರ ನನ್ನ ಸಂಬಳದಲ್ಲಿ ನಾನೇ ಆರಿಸಿ ತಗೊಂಡಿದ್ದು. ಈಗ ದಿನವೂ ಕೈಯಲ್ಲಿರುವುದು ಅದೊಂದೇ.

ಪ್ರಾಂಗ್ ನೋಡೋಕೆ ಚೆಂದ, ಅದರಲ್ಲಿ ಎರಡು ಮಾತಿಲ್ಲ. ನಾಲ್ಕೋ ಆರೋ ಸಣ್ಣ ಕೊಕ್ಕೆಗಳು ಹರಳನ್ನು ಮೇಲೆತ್ತಿ ಹಿಡಿದಿರುತ್ತವೆ. ಪಕ್ಕದಿಂದಲೂ ಬೆಳಕು ಒಳಗೆ ಹೋಗುವುದರಿಂದ ಹೊಳಪು ಜಾಸ್ತಿ. 1886ರಲ್ಲಿ ಟಿಫಾನಿ ಕಂಪನಿ ತಂದ ಆರು ಕೊಕ್ಕೆಯ ಉಂಗುರವೇ ಇದಕ್ಕೆಲ್ಲ ಮಾದರಿ. ಈಗ ನಮ್ಮ ಊರಿನ ಅಂಗಡಿಗಳಲ್ಲೂ ನಿಶ್ಚಿತಾರ್ಥ ಅಂದ ತಕ್ಷಣ ಟ್ರೇಯಲ್ಲಿ ಮೊದಲು ಬರುವುದು ಇದೇ.

ತೊಂದರೆ ಇರುವುದು ಆ ಕೊಕ್ಕೆಗಳಲ್ಲಿ. ಒಂದು ಗೃಹಪ್ರವೇಶಕ್ಕೆ ಮೈಸೂರು ಸಿಲ್ಕ್ ಉಟ್ಟಿದ್ದೆ. ನೆರಿಗೆ ಸರಿ ಮಾಡುವಾಗ ಉಂಗುರ ಸೀರೆಗೆ ಸಿಕ್ಕಿತು. ಬಿಡಿಸಿ ನೋಡಿದರೆ ಎಳೆಯೊಂದು ಉದ್ದಕ್ಕೆ ಜಗ್ಗಿ, ಅಲ್ಲಿ ಬಟ್ಟೆ ಸುಕ್ಕುಗಟ್ಟಿತ್ತು. ಮೈಸೂರು ಸಿಲ್ಕ್ ಕ್ರೇಪ್ ರೇಷ್ಮೆ. ಎಳೆ ಒಮ್ಮೆ ಜಗ್ಗಿದರೆ ಮೊದಲಿನ ಹಾಗೆ ಕೂರುವುದಿಲ್ಲ. ಆಮೇಲೆ ಗಮನಿಸುತ್ತಾ ಹೋದರೆ ಸ್ವೆಟರ್‌ಗೂ ಸಿಗುತ್ತದೆ, ತಲೆ ಬಾಚುವಾಗ ಕೂದಲಿಗೂ ಸಿಗುತ್ತದೆ. ನನ್ನ ಕೆಲಸ ಲ್ಯಾಬ್‌ನಲ್ಲಿ, ದಿನಕ್ಕೆ ಹತ್ತಾರು ಸಲ ಗ್ಲೋವ್ಸ್ ಹಾಕಿ ತೆಗೆಯಬೇಕು. ಬೆರಳಿನ ಹತ್ತಿರ ಗ್ಲೋವ್ಸ್ ಹರಿಯುವುದು ಮಾಮೂಲಾಯಿತು.

ಅಂಗಡಿಗೆ ತೋರಿಸಿದರೆ ತುದಿ ಉಜ್ಜಿ ಪಾಲಿಷ್ ಮಾಡಿ ಕೊಟ್ಟರು. ಸ್ವಲ್ಪ ಕಾಲ ಸರಿಹೋಯಿತು, ಮತ್ತೆ ಅದೇ ಕಥೆ. ಎರಡನೇ ಸಲ ಹೋದಾಗ "ರೇಷ್ಮೆ ಉಡುವ ದಿನ ತೆಗೆದಿಟ್ಟುಬಿಡಿ ಮೇಡಂ" ಅಂದರು. ನಿಶ್ಚಿತಾರ್ಥದ ಉಂಗುರವನ್ನು ಹಬ್ಬಕ್ಕೂ ಮದುವೆಗೂ ತೆಗೆದಿಡಬೇಕು ಅಂದರೆ ಹಾಕಿಕೊಳ್ಳುವುದು ಯಾವಾಗ? ನನಗೆ ನಿಜಕ್ಕೂ ಬೇಜಾರಾಯಿತು.

ಒಂದು ವಿಷಯವನ್ನು ಅಲ್ಲಿ ಯಾರೂ ಹೇಳಲಿಲ್ಲ. ಮೊದಲು ಸಿಗದ ಕೊಕ್ಕೆ ಈಗ ಬಟ್ಟೆಗೆ ಸಿಗುತ್ತಿದೆ ಅಂದರೆ ಅದರ ತುದಿ ಸವೆದೋ ಬಾಗಿಯೋ ಮೇಲೆದ್ದಿದೆ ಅಂತ. ಹರಳಿನ ಹಿಡಿತ ಸಡಿಲವಾಗುವುದು ಹೀಗೇ. ಉಂಗುರವನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಟಿಕ್ ಟಿಕ್ ಅಂದರೆ ಹರಳು ಅಲುಗುತ್ತಿದೆ, ಅವತ್ತೇ ತೆಗೆದಿಡಿ. ಪ್ರಾಂಗ್ ಇಟ್ಟುಕೊಂಡವರು ವರ್ಷಕ್ಕೊಮ್ಮೆಯಾದರೂ ಅಂಗಡಿಯಲ್ಲಿ ಲೂಪ್ (ಅಕ್ಕಸಾಲಿಗರ ಭೂತಗನ್ನಡಿ) ಹಿಡಿದು ಕೊಕ್ಕೆ ನೋಡಿಸಲೇಬೇಕು. ಚಪಾತಿ ಹಿಟ್ಟು ಹರಳಿನ ಅಡಿ ಸೇರಿಕೊಳ್ಳುವ ಕಾಟ ಬೇರೆ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ, ಹೊಳಪು ಮಂಕಾಗುತ್ತದೆ. ಬಟ್ಟಲಲ್ಲಿ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮೆತ್ತನೆ ಬ್ರಷ್ ಇದ್ದರೆ ಸಾಕು. ಸಿಂಕ್‌ನಲ್ಲಿ ಮಾತ್ರ ತೊಳೆಯಬೇಡಿ.

ಬೆಜೆಲ್‌ನಲ್ಲಿ ಈ ಸಿಕ್ಕಿಕೊಳ್ಳುವ ತಲೆನೋವು ಇಲ್ಲ. ಅಂಚು ನುಣ್ಣಗೆ, ಹರಳು ತಗ್ಗಿನಲ್ಲಿ. ಸೆರಗಿನ ಜರಿ ಮೇಲೆ ಕೈಯಾಡಿಸಿದರೂ ಜಾರಿಕೊಂಡು ಹೋಗುತ್ತದೆ. ಗ್ಲೋವ್ಸ್ ಹರಿಯುವುದು ನಿಂತಿದೆ. ಪಕ್ಕದ ಬೆಳಕು ತಡೆಯುವುದರಿಂದ ಮಿನುಗು ಸ್ವಲ್ಪ ಕಡಿಮೆ, ಅದು ನಿಜ. ಹಾಗಾಗಿ ಹಿಂಭಾಗ ತೆರೆದಿರುವ ಬೆಜೆಲ್ಲೇ ಬೇಕು ಅಂತ ಕೇಳಿ. ಅಂಚು ಪೂರ್ತಿ ಸುತ್ತಿರುವುದರಿಂದ ಸಣ್ಣ ಹರಳೂ ತುಸು ದೊಡ್ಡದಾಗಿ ಕಾಣುತ್ತದೆ. ನನ್ನದು 20 ಸೆಂಟ್ಸ್ (ಕ್ಯಾರೆಟ್‌ನ ನೂರನೇ ಒಂದು ಭಾಗ ಒಂದು ಸೆಂಟ್) ಅಷ್ಟೇ, ಆದರೂ ಕೈ ತುಂಬಿದ ಹಾಗಿದೆ. ಅಳತೆ ದೊಡ್ಡದು ಮಾಡಿಸುವುದು ಸ್ವಲ್ಪ ಕಷ್ಟ. ಬೆರಳು ಊದುವ ಬೇಸಿಗೆ ಸಂಜೆಯಲ್ಲಿ ಅಳತೆ ಕೊಟ್ಟರೆ ಒಳ್ಳೆಯದು.

ವಂಕಿ ನನಗೆ ತುಂಬಾ ಇಷ್ಟ. ತೋಳಿನ ವಂಕಿಯ ಹಾಗೇ ಬಾಗಿದ ಆಕಾರ. 22 ಕ್ಯಾರೆಟ್‌ನದು, ಬೆರಳಲ್ಲಿ ತಿರುಗುವುದೇ ಇಲ್ಲ. ಆದರೆ ಮೂಲೆ ಗೆಣ್ಣಿನ ಕಡೆ ಬರುವುದರಿಂದ ಮುಷ್ಟಿ ಹಿಡಿದರೆ ಒತ್ತುತ್ತದೆ, ಪಕ್ಕಕ್ಕೆ ಇನ್ನೊಂದು ಉಂಗುರ ಕೂರುವುದಿಲ್ಲ. ಹಬ್ಬಕ್ಕೆ, ಪೂಜೆಗೆ ಇದೇ ಸರಿ. ಹರಳಿಲ್ಲದ ವಂಕಿಯನ್ನು ನಾಳೆ ಬದಲಾಯಿಸಿದರೂ ನಷ್ಟ ಕಡಿಮೆ.

ಪ್ಲಾಟಿನಂ ಭಾರವಾಗಿದೆ, ಗೀರು ಬೀಳುತ್ತದೆ. ಬಣ್ಣ ಮಾತ್ರ ಹಾಗೇ ಇದೆ. ಯಜಮಾನರು ಅದರ ಬಗ್ಗೆ ದೂರಿದ್ದೇ ಇಲ್ಲ.

"ಬರೀ 18 ಕ್ಯಾರೆಟ್ಟಾ?" ಅಂತ ನನ್ನ ಬೆಜೆಲ್ ನೋಡಿ ಮನೆಯಲ್ಲಿ ಹಿರಿಯರು ಕೇಳಿದರು. 22 ಕ್ಯಾರೆಟ್‌ನಲ್ಲಿ ಶೇ 91.6 ಚಿನ್ನ, 18ರಲ್ಲಿ ಶೇ 75, ಸರಿ. ಆದರೆ 22 ಮೆತ್ತಗೆ. ದಿನವೂ ಪೆಟ್ಟು ತಿನ್ನುವ ಉಂಗುರದಲ್ಲಿ ವಜ್ರ ಭದ್ರವಾಗಿರಬೇಕಾದರೆ 18 ವಾಸಿ. ಬಿಲ್‌ನಲ್ಲಿ ಹರಳಿನ ತೂಕ ಕಳೆದ ನೆಟ್ ತೂಕ ಬೇರೆಯಾಗಿ ಬರೆಸಿಕೊಳ್ಳಿ. ಹರಳಿಗೆ ಕ್ಯಾರೆಟ್ ಅಂದರೆ ತೂಕ, ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅಷ್ಟಕ್ಕೂ ಚಿನ್ನದ ರೇಟ್ ಯಾಕೆ ಕೊಡಬೇಕು ಅಲ್ವಾ?

ಚಿಕ್ಕಮ್ಮನ ಮಗಳ ನಿಶ್ಚಿತಾರ್ಥ ಹತ್ತಿರದಲ್ಲಿದೆ, ಅವಳು ನರ್ಸ್. 50 ಸೆಂಟ್ಸ್ ಪ್ರಾಂಗ್ ಬೇಡ, 20 ಸೆಂಟ್ಸ್ ಬೆಜೆಲ್ ನೋಡು, ಉಳಿದ ದುಡ್ಡಲ್ಲಿ ವಂಕಿ ಮಾಡಿಸಿಕೋ ಅಂತ ಹೇಳಿದ್ದೇನೆ. ಅಂಗಡಿಯಲ್ಲಿ ಕೂತಲ್ಲೇ ಉಂಗುರದ ಮೇಲಿನ ಆರು ಅಕ್ಷರದ ಹಾಲ್‌ಮಾರ್ಕ್ ಗುರುತು ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡು, ಆಮೇಲೆ ದುಡ್ಡು ಕೊಡು ಅಂತಲೂ ಹೇಳಿದ್ದೇನೆ.